ಕುಲುಮೆಯ ಮಗ ಜಾನ್ ಬ್ರೌನಿಂಗ್

ಲೋಕದಲ್ಲಿ ಕೆಲವರು ತಮ್ಮ ಹೆಸರಿನಿಂದ ಬದುಕುತ್ತಾರೆ. ಮತ್ತೆ ಕೆಲವರು ತಾವು ಮಾಡಿದ ವಸ್ತುವಿನಿಂದ ಬದುಕುತ್ತಾರೆ. ಎರಡನೆಯ ಬಗೆಯವರ ಹೆಸರನ್ನು ಜನ ಮರೆತರೂ ಅವರ ಕೈಕೆಲಸವನ್ನು ಮರೆಯಲಾರರು. ಅಮೆರಿಕ ದೇಶದ ಜಾನ್ ಮೋಸೆಸ್ ಬ್ರೌನಿಂಗ್ ಈ ಎರಡನೆಯ ಬಗೆಗೆ ಸೇರಿದವನು. ಆತನು ತೀರಿಕೊಂಡು ಒಂದು ಶತಮಾನವೇ ಕಳೆಯುತ್ತ ಬಂದಿದೆ. ಆದರೂ ಫ್ರೆಂಚ್ ಭಾಷೆಯಲ್ಲಿ ಆತನ ಹೆಸರು ಪಿಸ್ತೂಲು ಎಂಬುದಕ್ಕೆ ಇನ್ನೊಂದು ಪದವಾಗಿಯೇ ನಿಂತಿದೆ. ನಮ್ಮ ಸೈನ್ಯದಲ್ಲಿಯೂ ಪೊಲೀಸ್ ಇಲಾಖೆಯಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿರುವ, ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರಿನ ಪಿಸ್ತೂಲು ಕೂಡ ಆತನು ಕೊನೆಗಾಲದಲ್ಲಿ ಕೈಹಚ್ಚಿದ ಮಾದರಿಯದೇ.

ಕವಿಗಳನ್ನೂ ದೇಶಭಕ್ತರನ್ನೂ ಬಿಟ್ಟು ಪಿಸ್ತೂಲು ಮಾಡಿದವನ ಚರಿತ್ರೆಯನ್ನು ಬರೆಯಲು ಹೊರಟೆಯಲ್ಲ ಎಂದು ನನ್ನ ಸಹಪಾಠಿಗಳು ಕೇಳಿದ್ದುಂಟು. ಅದಕ್ಕೆ ಉತ್ತರ ಸರಳವಾಗಿದೆ. ನಾನು ಕಮ್ಮಾರನ ಮಗ. ಕೊಟ್ಟೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ತಂದೆಯವರ ಕುಲುಮೆಯಿದೆ. ಕುಡ, ಕುಂಟೆ, ಕುಡುಗೋಲು, ಕೊಡಲಿ ಇವೇ ಅಲ್ಲಿ ನಡೆಯುವ ಕೆಲಸ. ನಮ್ಮ ಮನೆತನದಲ್ಲಿ ಪದವಿಯ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಆಯುಧಪೂಜೆಯ ದಿನ ನಮ್ಮಲ್ಲಿ ತಿದಿಗೂ ಅಡಿಗಲ್ಲಿಗೂ ಕುಂಕುಮ ಹಚ್ಚುವುದನ್ನು ನೋಡಿ ಬೆಳೆದ ನಾನು, ಅದೇ ದಿನ ಪೊಲೀಸ್ ಠಾಣೆಯಲ್ಲಿ ಕೋವಿ ಪಿಸ್ತೂಲುಗಳನ್ನು ಸಾಲಾಗಿ ಇಟ್ಟು ಹೂವೇರಿಸಿ ಪೂಜೆ ಮಾಡುವುದನ್ನೂ ಕಂಡಿದ್ದೇನೆ. ಎರಡೂ ಕಬ್ಬಿಣವೇ, ಎರಡಕ್ಕೂ ಒಂದೇ ಕುಂಕುಮ. ಆದರೆ ಒಂದರಿಂದ ಬೆಳೆ ಬರುತ್ತದೆ, ಇನ್ನೊಂದರಿಂದ ಪ್ರಾಣ ಹೋಗುತ್ತದೆ. ಮಾಡಿದವನ ಕೈಗೆ ಈ ಭೇದ ತಿಳಿಯುತ್ತದೆಯೇ? ಈ ಪ್ರಶ್ನೆಯೇ ನನ್ನನ್ನು ಬ್ರೌನಿಂಗನ ಜೀವನಚರಿತ್ರೆಯ ಕಡೆಗೆ ಎಳೆಯಿತು. ಈ ಕಥೆಯ ಒಂದು ಎಳೆ ನಮ್ಮ ಕೂಡ್ಲಿಗಿಯವರೆಗೂ ಬಂದು ಮುಟ್ಟುತ್ತದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಬಾಲ್ಯ

ಬ್ರೌನಿಂಗನು 1855ನೆಯ ಇಸವಿ ಜನವರಿ ತಿಂಗಳಲ್ಲಿ ಅಮೆರಿಕದ ಯೂಟಾ ಪ್ರಾಂತದ ಆಗ್ಡನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಜೊನಾಥನ್ ಬ್ರೌನಿಂಗನು ಕೋವಿ ಮಾಡುವ ಕಸುಬಿನವನು. ಮಾರ್ಮನ್ ಮತಕ್ಕೆ ಸೇರಿದ ಈತನು ತನ್ನ ಮತದವರೊಂದಿಗೆ ಊರಿಂದೂರಿಗೆ ವಲಸೆ ಹೋಗುತ್ತ, 1852ರಲ್ಲಿ ಯೂಟಾ ಪ್ರಾಂತಕ್ಕೆ ಬಂದು ನೆಲೆಸಿದ್ದನು. ಮನೆ ದೊಡ್ಡದು; ಜೊನಾಥನನಿಗೆ ಒಟ್ಟು 22 ಮಂದಿ ಮಕ್ಕಳು. ಮುರಿದ ಕೋವಿ, ಸವೆದ ನೇಗಿಲು, ಒಡೆದ ಪಾತ್ರೆ ಏನನ್ನು ತಂದರೂ ಆತನ ಅಂಗಡಿಯಲ್ಲಿ ದುರಸ್ತಿಯಾಗುತ್ತಿತ್ತು. ಹಳ್ಳಿಯ ಕುಲುಮೆಯನ್ನು ಬಲ್ಲವರಿಗೆ ಆ ಅಂಗಡಿಯ ಚಿತ್ರವನ್ನು ಬೇರೆಯಾಗಿ ಬರೆದು ತೋರಿಸಬೇಕಾಗಿಲ್ಲ.

ಹುಡುಗ ಜಾನನ ಆಟದ ಅಂಗಳವೆಂದರೆ ಆ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ರಾಶಿ. ಹತ್ತು ವರ್ಷದವನಾಗಿದ್ದಾಗ ತಂದೆ ಮನೆಯಲ್ಲಿಲ್ಲದ ಒಂದು ದಿನ, ಆ ರಾಶಿಯಿಂದ ಹಾಳಾದ ಒಂದು ನಳಿಗೆಯನ್ನು ಆರಿಸಿ, ಒಂದು ಹಲಗೆಯನ್ನು ಕೊಡಲಿಯಿಂದ ಕೆತ್ತಿ, ತಂತಿಯಿಂದ ಬಿಗಿದು ಒಂದು ಕೋವಿಯನ್ನು ಮಾಡಿದನಂತೆ. ತಮ್ಮ ಮ್ಯಾಥ್ಯೂನನ್ನು ಜೊತೆಗೆ ಕರೆದುಕೊಂಡು ಬಯಲಿಗೆ ಹೋಗಿ ಕಾಡುಕೋಳಿಗಳನ್ನು ಹೊಡೆದು ತಂದನು. ಮಾರನೆಯ ಬೆಳಗ್ಗೆ ಊಟದ ಹೊತ್ತಿನಲ್ಲಿ ವಿಷಯ ಬಯಲಾಯಿತು. ತಂದೆ ಆ ಕೋವಿಯನ್ನು ತಿರುಗಿಸಿ ನೋಡಿ ಗದರಿಸಲಿಲ್ಲ, ಹೊಗಳಲೂ ಇಲ್ಲ. ಹತ್ತು ವರ್ಷದವನು ಇದಕ್ಕಿಂತ ಚೆನ್ನಾಗಿ ಮಾಡಬಹುದಿತ್ತಲ್ಲವೇ ಎಂದಷ್ಟೇ ಕೇಳಿದನಂತೆ. ಹುಡುಗನಿಗೆ ಹೊಡೆತಕ್ಕಿಂತ ಆ ಮಾತೇ ಹೆಚ್ಚು ನಾಟಿತು. ಮುಂದಿನ ಅರುವತ್ತು ವರ್ಷಗಳ ಕಾಲ ಆತನು ಆ ಮಾತಿಗೇ ಉತ್ತರ ಹೇಳುತ್ತ ಹೋದನೆಂದರೂ ತಪ್ಪಾಗಲಾರದು.

ಶಾಲೆಯ ಓದು ಹದಿನೈದರ ಸುಮಾರಿಗೇ ಮುಗಿಯಿತು. ಇಂಜಿನಿಯರಿಂಗ್ ಶಾಸ್ತ್ರವನ್ನು ಆತನು ಯಾವ ಕಾಲೇಜಿನಲ್ಲಿಯೂ ಓದಲಿಲ್ಲ. ಜೀವಮಾನದಲ್ಲಿ ಅಚ್ಚುಕಟ್ಟಾದ ನಕ್ಷೆಗಳನ್ನು ಬರೆದಿಟ್ಟುಕೊಂಡು ಕೆಲಸ ಮಾಡಿದವನೂ ಅಲ್ಲ. ಯಂತ್ರದ ಬಿಡಿಭಾಗಗಳೆಲ್ಲ ಮೊದಲು ತಲೆಯೊಳಗೆ ಓಡಾಡುತ್ತಿದ್ದವು; ಆಮೇಲೆ ಅರ, ಉಳಿ, ಸುತ್ತಿಗೆಗಳ ಮೂಲಕ ಉಕ್ಕಿಗೆ ಇಳಿಯುತ್ತಿದ್ದವು. ಅಡಿಗಲ್ಲಿನ ಮೇಲೆ ಕಬ್ಬಿಣವಿಟ್ಟು ಅಳತೆಗೋಲನ್ನು ಮುಟ್ಟದೆ ಕುಡುಗೋಲಿನ ಬಾಗನ್ನು ತರುವವರನ್ನು ನಾನು ದಿನವೂ ನೋಡಿದ್ದೇನೆ. ಆದುದರಿಂದ ಇದು ನನಗೆ ಪವಾಡವೆಂದು ತೋರುವುದಿಲ್ಲ. ಓದದವನ ಕೈಯಲ್ಲಿಯೂ ಒಂದು ಶಾಸ್ತ್ರವಿರುತ್ತದೆ. ಅದು ಪುಸ್ತಕದಲ್ಲಿಲ್ಲವೆಂದು ನಾವು ವಿದ್ಯಾರ್ಥಿಗಳು ಅದನ್ನು ವಿದ್ಯೆಯೆಂದು ಕರೆಯುವುದಿಲ್ಲ, ಅಷ್ಟೆ.

ಅಣ್ಣತಮ್ಮಂದಿರ ಅಂಗಡಿ

1879ನೆಯ ವರ್ಷ ಆತನ ಜೀವನದಲ್ಲಿ ಸುಖದುಃಖಗಳೆರಡನ್ನೂ ತಂದಿತು. ಆ ವರ್ಷ ಆತನಿಗೆ ರೇಚಲ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಆ ವರ್ಷವೇ ತಂದೆ ಜೊನಾಥನನು ಕಾಲವಾದನು. ಅಕ್ಟೋಬರ್ 7ರಂದು ಆತನಿಗೆ ಮೊದಲನೆಯ ಪೇಟೆಂಟ್ ಹಕ್ಕು ದೊರೆಯಿತು. ಅದು ಒಂದು ಸಲಕ್ಕೆ ಒಂದೇ ತೋಟಾ ಹಾಕಿ ಹೊಡೆಯುವ ಬಂದೂಕಿಗೆ ಸಿಕ್ಕ ಹಕ್ಕು. ಅಣ್ಣತಮ್ಮಂದಿರು ಸೇರಿ ಒಂದು ಚಿಕ್ಕ ಕಟ್ಟಡವನ್ನು ಕಟ್ಟಿ, ಉಗಿಯಂತ್ರವನ್ನು ತರಿಸಿ, ಇಂಗ್ಲೆಂಡಿನಿಂದ ಬಂದ ರಷ್ಟನ್ ಎಂಬ ಅನುಭವಿ ಕಸುಬುದಾರನನ್ನು ಇಟ್ಟುಕೊಂಡು ಸುಮಾರು 600 ಬಂದೂಕುಗಳನ್ನು ತಯಾರಿಸಿದರು.

ಆ ಬಂದೂಕುಗಳಲ್ಲೊಂದು ಹೇಗೋ ವಿಂಚೆಸ್ಟರ್ ಎಂಬ ಹೆಸರಾಂತ ಕಂಪನಿಯವರ ಕೈಗೆ ಸಿಕ್ಕಿತು. ಅದನ್ನು ಬಿಚ್ಚಿ ನೋಡಿದ ಕಂಪನಿಯ ಉಪಾಧ್ಯಕ್ಷ ಬೆನೆಟ್ಟನು 1883ರಲ್ಲಿ ರೈಲು ಹತ್ತಿ ದೇಶದ ಆ ತುದಿಯಿಂದ ಆಗ್ಡನ್ನಿಗೆ ಬಂದನು. ದೊಡ್ಡ ಕಾರ್ಖಾನೆಯನ್ನು ಕಾಣುವೆನೆಂದು ಬಂದವನ ಕಣ್ಣಿಗೆ ಬಿದ್ದದ್ದು, ಎಣ್ಣೆಮಸಿ ಮೆತ್ತಿಕೊಂಡ ನಾಲ್ಕಾರು ಮಂದಿ ತರುಣರು ದುಡಿಯುತ್ತಿದ್ದ ಒಂದು ಗ್ರಾಮಾಂತರದ ಅಂಗಡಿ. ಮಾತುಕತೆ ಬೇಗನೆ ಮುಗಿಯಿತು. 8,000 ಡಾಲರುಗಳಿಗೆ ಬಂದೂಕಿನ ಹಕ್ಕು ವಿಂಚೆಸ್ಟರಿನವರ ಪಾಲಾಯಿತು. ಅದೇ 1885ರ ಮಾದರಿಯೆಂದು ಮಾರುಕಟ್ಟೆಗೆ ಬಂದಿತು. ಮುಂದೆ ಹತ್ತೊಂಬತ್ತು ವರ್ಷಗಳ ಕಾಲ ಬ್ರೌನಿಂಗನು ಮಾಡಿದ್ದನ್ನೆಲ್ಲ ಅವರು ಕೊಳ್ಳುತ್ತ ಹೋದರು. ಕೊಂಡದ್ದು ನಲವತ್ತಕ್ಕೂ ಹೆಚ್ಚು ಮಾದರಿಗಳು. ತಯಾರಿಸಿದ್ದು ಹತ್ತರಷ್ಟು ಮಾತ್ರ. ಉಳಿದವು ಬೇರೆ ಕಂಪನಿಯವರ ಕೈಗೆ ಹೋಗಬಾರದೆಂದು ಬೀರುವಿನಲ್ಲಿ ಬೀಗ ಹಾಕಿದಂತಾದವು.

ನಡುವೆ 1887ರಿಂದ 1889ರವರೆಗೆ ಎರಡು ವರ್ಷ ಆತನು ಕಸುಬನ್ನು ಬದಿಗಿಟ್ಟು, ತನ್ನ ಮತದ ಪದ್ಧತಿಯಂತೆ ಧರ್ಮಪ್ರಚಾರಕನಾಗಿ ಜಾರ್ಜಿಯಾ ಪ್ರಾಂತದಲ್ಲಿ ಕಾಲುನಡಿಗೆಯಲ್ಲಿ ತಿರುಗಿದನು. ಧೂಳು ಮುಸುಕಿದ ಉಡುಪಿನಲ್ಲಿ ಒಂದು ಅಂಗಡಿಯ ಗಾಜಿನ ಮುಂದೆ ನಿಂತು, ಒಳಗಿದ್ದ ಹೊಸ ಬಂದೂಕನ್ನು ನೋಡುತ್ತಿದ್ದನಂತೆ. ಅದು ಆತನೇ ರೂಪಿಸಿದ ಬಂದೂಕು. ಆ ಭಿಕಾರಿಯಂತಹ ಪಾದಚಾರಿಯೇ ಅದರ ಕರ್ತೃವೆಂದು ಜೊತೆಯವನು ಹೇಳಿದರೆ ಅಂಗಡಿಯವನು ನಂಬಲಿಲ್ಲವೆಂದು ಕಥೆಯಿದೆ.

ಬಾಗಿದ ಹುಲ್ಲು

ಬ್ರೌನಿಂಗನ ಬುದ್ಧಿಯ ಹಿರಿಮೆಯನ್ನು ತೋರಿಸುವ ಘಟನೆ 1889ರಲ್ಲಿ ನಡೆಯಿತು. ಗುಂಡು ಹೊಡೆಯುವುದರಲ್ಲಿ ಆತನೂ ಆತನ ತಮ್ಮನೂ ಊರಿಗೇ ಹೆಸರಾದವರು. ಇವರಿಬ್ಬರೂ ಇನ್ನಿಬ್ಬರು ಗೆಳೆಯರೂ ಸೇರಿದ ಗುರಿಕಾರರ ತಂಡಕ್ಕೆ ನಾಲ್ಕು ಬ್ರೌನಿಂಗರೆಂದಲ್ಲ, ನಾಲ್ಕು ‘ಬಿ’ಗಳೆಂದು ಹೆಸರು, ನಾಲ್ವರ ಮನೆತನದ ಹೆಸರೂ ಆ ಅಕ್ಷರದಿಂದ ಆರಂಭವಾಗುತ್ತಿದ್ದುದೇ ಅದಕ್ಕೆ ಕಾರಣ. ಒಂದು ದಿನ ಗೆಳೆಯನೊಬ್ಬನು ಗುರಿಯಿಟ್ಟು ಹೊಡೆಯುತ್ತಿದ್ದಾಗ ನಳಿಗೆಯ ಬಾಯ ಮುಂದಿನ ಜೊಂಡುಹುಲ್ಲು ಬಾಗುತ್ತಿದ್ದುದನ್ನು ಬ್ರೌನಿಂಗನು ಕಂಡನು. ಗುಂಡಿನ ಹಿಂದೆಯೇ ಹೊರಬಂದ ಮದ್ದಿನ ಬಿಸಿಗಾಳಿ ಹುಲ್ಲನ್ನು ಬಾಗಿಸುತ್ತಿತ್ತು.

ಬಂದೂಕು ಹೊಡೆದವರೆಲ್ಲರೂ ಇದನ್ನು ನೋಡಿರಬೇಕು. ಆದರೆ ಆತನ ಮನಸ್ಸಿಗೆ ಬಂದ ವಿಚಾರವೇ ಬೇರೆ. ಪ್ರತಿ ಗುಂಡಿನೊಡನೆ ಇಷ್ಟು ಶಕ್ತಿ ವ್ಯರ್ಥವಾಗಿ ಹೋಗುತ್ತಿದೆಯಲ್ಲ, ಖಾಲಿ ತೋಟಾವನ್ನು ಹೊರಗೆ ಹಾಕಿ ಹೊಸ ತೋಟಾವನ್ನು ಒಳಗೆ ತರುವ ಕೆಲಸವನ್ನು ಇದರಿಂದಲೇ ಏಕೆ ಮಾಡಿಸಬಾರದು ಎಂದುಕೊಂಡು ಆತನು ಅಂದೇ ಮನೆಗೆ ಮರಳಿದನು. ಹಳೆಯ ಬಂದೂಕೊಂದನ್ನು ಹಲಗೆಗೆ ಬಿಗಿದು, ನಳಿಗೆಯ ಬಾಯಿಗೆ ಒಂದು ಲೋಹದ ಮುಚ್ಚಳವನ್ನೂ ಅದಕ್ಕೆ ಸರಳನ್ನೂ ಜೋಡಿಸಿ ಪರೀಕ್ಷೆ ಮಾಡಿದನು. ಗಾಳಿಯ ಹೊಡೆತಕ್ಕೆ ಮುಚ್ಚಳ ಅಲುಗಿ, ಬಂದೂಕು ತನ್ನಷ್ಟಕ್ಕೆ ತಾನೇ ತೋಟಾ ತುಂಬಿಕೊಂಡಿತು. ಇದರಿಂದ ಕೋಲ್ಟ್ ಕಂಪನಿಯವರು ತಯಾರಿಸಿದ 1895ರ ಮೆಷಿನ್ ಗನ್ ಹುಟ್ಟಿತು. ಆದರೆ ನಮ್ಮ ಲೇಖನಕ್ಕೆ ಬೇಕಾದದ್ದು ಅದರ ಬೆನ್ನಿಗೇ ಬಂದ ಚಿಕ್ಕ ಯಂತ್ರ, ಕೈಯಲ್ಲಿ ಹಿಡಿಯುವ ಪಿಸ್ತೂಲು.

ಅರೆ ಸ್ವಯಂಚಾಲಿತ ಪಿಸ್ತೂಲು

ಅದಕ್ಕೆ ಮುಂಚೆ ಬಳಕೆಯಲ್ಲಿದ್ದುದು ರಿವಾಲ್ವರು. ಅದರಲ್ಲಿ ಐದಾರು ತೋಟಾಗಳಿರುವ ಗುಂಡನೆಯ ಉರುಳೆಯೊಂದು ಹೊಡೆದವನ ಬೆರಳಿನ ಬಲದಿಂದ ತಿರುಗುತ್ತದೆ. ಅರೆ ಸ್ವಯಂಚಾಲಿತ ಪಿಸ್ತೂಲಿನ ರೀತಿಯೇ ಬೇರೆ. ತೋಟಾಗಳು ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ಗುಂಡು ಮುಂದಕ್ಕೆ ಹಾರಿದಾಗ ಅದೇ ಬಲವು ಹಿಂದಕ್ಕೂ ಒದೆಯುತ್ತದೆ. ಆ ಒದೆತಕ್ಕೆ ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ಕವಚ ಹಿಂದಕ್ಕೆ ಜಾರುತ್ತದೆ. ಜಾರುವಾಗ ಖಾಲಿ ತೋಟಾವನ್ನು ಹೊರಕ್ಕೆಸೆದು ಕುದುರೆಯನ್ನು ಎಳೆದು ನಿಲ್ಲಿಸುತ್ತದೆ. ಸ್ಪ್ರಿಂಗು ಆ ಕವಚವನ್ನು ಮತ್ತೆ ಮುಂದಕ್ಕೆ ತಳ್ಳುವಾಗ ಮ್ಯಾಗಜೀನಿನ ಮೇಲಿನ ತೋಟಾ ನಳಿಗೆಯೊಳಕ್ಕೆ ಹೋಗಿ ಕೂರುತ್ತದೆ. ಇಷ್ಟೆಲ್ಲ ಕಣ್ಣೆವೆ ಬಡಿಯುವುದರೊಳಗೆ ಮುಗಿಯುತ್ತದೆ. ಆದರೆ ಪ್ರತಿ ಗುಂಡಿಗೂ ಟ್ರಿಗರನ್ನು ಬೇರೆಬೇರೆಯಾಗಿಯೇ ಒತ್ತಬೇಕು; ಅದಕ್ಕೇ ಇದು ಅರೆ ಸ್ವಯಂಚಾಲಿತ. ಅರ್ಧ ಕೆಲಸ ಯಂತ್ರದ್ದು, ಅರ್ಧ ಕೆಲಸ ಮನುಷ್ಯನದು. ಹೊಡೆಯಬೇಕೋ ಬೇಡವೋ ಎಂಬ ನಿರ್ಧಾರ ಮಾತ್ರ ಪೂರ್ತಿಯಾಗಿ ಮನುಷ್ಯನದೇ.

ಈ ಬಗೆಯ ಪಿಸ್ತೂಲನ್ನು ಮೊದಲು ಮಾಡಿದವನು ಬ್ರೌನಿಂಗನಲ್ಲ. ಜರ್ಮನಿಯಲ್ಲಿ ಬೋರ್ಚಾರ್ಡ್ ಎಂಬಾತನ ಪಿಸ್ತೂಲು 1893ರಲ್ಲಿಯೂ ಮೌಸರ್ ಪಿಸ್ತೂಲು 1896ರಲ್ಲಿಯೂ ಬಂದಿದ್ದವು. ಆದರೆ ಅವು ದಪ್ಪನೆಯ, ಜಟಿಲವಾದ ಯಂತ್ರಗಳು. ನಳಿಗೆಯನ್ನು ಆವರಿಸಿ ಜಾರುವ ಕವಚದ ಉಪಾಯದಿಂದ ಪಿಸ್ತೂಲನ್ನು ಚಪ್ಪಟೆಯಾಗಿಯೂ ಹಗುರವಾಗಿಯೂ ಮಾಡಿದ ಕೀರ್ತಿ ಬ್ರೌನಿಂಗನದು. 1897ರ ಏಪ್ರಿಲ್ 20ರಂದು ಆತನ ಪಿಸ್ತೂಲಿನ ಪೇಟೆಂಟುಗಳು ಒಟ್ಟಿಗೆ ಹೊರಬಂದವು. ಅದೇ ವರ್ಷ ಬೆಲ್ಜಿಯಂ ದೇಶದ ಲಿಯೇಜ್ ಪಟ್ಟಣದ ಬಳಿಯ ಹೆರ್‌ಸ್ಟಾಲಿನ ಕಾರ್ಖಾನೆಯವರು ಆತನೊಡನೆ ಕರಾರು ಮಾಡಿಕೊಂಡರು. 1889ರಲ್ಲಿ ಸೈನ್ಯಕ್ಕೆ ಬಂದೂಕು ಮಾಡಲೆಂದು ಹುಟ್ಟಿದ ಆ ಕಾರ್ಖಾನೆಗೆ ಆಗ ಕೆಲಸದ ಕೊರತೆಯಿತ್ತು. ಬ್ರೌನಿಂಗನ 7.65 ಮಿಲಿಮೀಟರಿನ ಪುಟ್ಟ ಪಿಸ್ತೂಲು ಅದಕ್ಕೆ ಹೊಸ ಜೀವ ಕೊಟ್ಟಿತು. 1900ರ ಮಾದರಿಯೆಂದು ಹೆಸರಾದ ಈ ಪಿಸ್ತೂಲು ಏಳು ಲಕ್ಷಕ್ಕೂ ಮಿಕ್ಕಿ ತಯಾರಾಯಿತೆನ್ನುತ್ತಾರೆ.

ವಿಂಚೆಸ್ಟರಿನವರೊಡನೆ ಇದ್ದ ನಂಟು 1902ರಲ್ಲಿ ಕಡಿದುಹೋಯಿತು. ತಾನೇ ತೋಟಾ ತುಂಬಿಕೊಳ್ಳುವ ಬೇಟೆಯ ಕೋವಿಯೊಂದಕ್ಕೆ ಆತನು ಒಟ್ಟು ಹಣದ ಬದಲು ಮಾರಾಟವಾದ ಪ್ರತಿ ಕೋವಿಗೂ ಇಷ್ಟೆಂದು ಪಾಲು ಕೇಳಿದನು, ಅವರು ಒಪ್ಪಲಿಲ್ಲ. ರೆಮಿಂಗ್ಟನ್ ಕಂಪನಿಯ ಅಧ್ಯಕ್ಷನನ್ನು ನೋಡಲು ಹೋಗಿ ಹೊರಕೋಣೆಯಲ್ಲಿ ಕಾದು ಕುಳಿತಿದ್ದಾಗ, ಆ ಅಧ್ಯಕ್ಷನು ಹೃದಯಾಘಾತದಿಂದ ತೀರಿಕೊಂಡನೆಂಬ ಸುದ್ದಿ ಬಂತು. ಬ್ರೌನಿಂಗನು ಕೋವಿಯನ್ನು ಕಟ್ಟಿಕೊಂಡು ಸಮುದ್ರ ದಾಟಿ ಹೆರ್‌ಸ್ಟಾಲಿಗೆ ಹೋದನು. ಅಂದಿನಿಂದ ಆ ಊರು ಆತನಿಗೆ ಎರಡನೆಯ ಮನೆಯಾಯಿತು.

ಅಮೆರಿಕದ ಸೈನ್ಯಕ್ಕೆ ದೊಡ್ಡ ಗುಂಡಿನ ಪಿಸ್ತೂಲು ಬೇಕಾಗಿತ್ತು. ದೊಡ್ಡ ತೋಟಾದ ಒದೆತ ಹೆಚ್ಚು. ಗುಂಡು ಹೊರಹೋಗುವ ಮೊದಲೇ ಹಿಂಬದಿ ತೆರೆದುಕೊಂಡರೆ ಅಪಾಯ. ಆದುದರಿಂದ ನಳಿಗೆಯನ್ನೂ ಕವಚವನ್ನೂ ಸ್ವಲ್ಪ ದೂರ ಜೊತೆಯಾಗಿ ಹಿಂದಕ್ಕೆ ಸರಿಯುವಂತೆ ಕೊಂಡಿ ಹಾಕಿ, ಆಮೇಲೆ ನಳಿಗೆ ಕೆಳಕ್ಕೆ ಬಾಗಿ ಕಳಚಿಕೊಳ್ಳುವ ಹಾಗೆ ಆತನು ಏರ್ಪಡಿಸಿದನು. 1911ರ ಮಾರ್ಚಿಯಲ್ಲಿ ನಡೆದ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡುಗಳನ್ನು ಹಾರಿಸಲಾಯಿತು. ಕಾದು ಹಿಡಿಯಲಾಗದಂತಾದಾಗ ನೀರಿನಲ್ಲಿ ಅದ್ದಿ ಮತ್ತೆ ಹೊಡೆದರು. ಒಂದು ಸಲವೂ ಅದು ತಡೆದು ನಿಲ್ಲಲಿಲ್ಲ. ಮಾರ್ಚಿ 29ರಂದು ಸೈನ್ಯವು ಅದನ್ನು ಅಂಗೀಕರಿಸಿತು. 1985ರವರೆಗೆ, ಎಂದರೆ ಎಪ್ಪತ್ತನಾಲ್ಕು ವರ್ಷ, ಅದೇ ಅಮೆರಿಕದ ಸೈನ್ಯದ ಮುಖ್ಯ ಪಿಸ್ತೂಲಾಗಿತ್ತು.

ದೂರದಲ್ಲಿ ಹಾರಿದ ಗುಂಡುಗಳು

1914ರಲ್ಲಿ ಬೆಲ್ಜಿಯಂ ದೇಶವು ಆತನಿಗೆ ರಾಜಗೌರವವನ್ನಿತ್ತು ಮನ್ನಿಸಿತು. ಅದೇ ವರ್ಷ ಜೂನ್ 28ರಂದು ಸರಾಯೆವೋ ಪಟ್ಟಣದಲ್ಲಿ ಗಾವ್ರಿಲೋ ಪ್ರಿನ್ಸಿಪ್ ಎಂಬ ಹತ್ತೊಂಬತ್ತು ವರ್ಷದ ತರುಣನು ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡನನ್ನೂ ಆತನ ಪತ್ನಿ ಸೋಫಿಯನ್ನೂ ಗುಂಡಿಟ್ಟು ಕೊಂದನು. ಆತನ ಕೈಯಲ್ಲಿದ್ದುದು ಹೆರ್‌ಸ್ಟಾಲಿನಲ್ಲಿ ತಯಾರಾದ 1910ರ ಮಾದರಿಯ ಬ್ರೌನಿಂಗ್ ಪಿಸ್ತೂಲು. ಅದರ ಸಂಖ್ಯೆ 19074. ಮೊದಲನೆಯ ಮಹಾಯುದ್ಧಕ್ಕೆ ಆ ಗುಂಡು ನೆಪವಾಯಿತು. ಒಂದು ತಿಂಗಳು ಕಳೆದು ಯುದ್ಧ ಆರಂಭವಾದಾಗ ಜರ್ಮನ್ ಸೈನ್ಯ ಬೆಲ್ಜಿಯಂ ದೇಶದ ಮೇಲೆ ನುಗ್ಗಿತು. ಮೊದಲು ಮುತ್ತಿದ ಕೋಟೆ ಲಿಯೇಜಿನದು. ಪಿಸ್ತೂಲು ಹುಟ್ಟಿದ ಕಾರ್ಖಾನೆಯೇ ಶತ್ರುವಿನ ವಶವಾಯಿತು. ಎಸೆದ ಕಲ್ಲು ಸುತ್ತಿ ಬಂದು ಎಸೆದವನ ಅಂಗಳಕ್ಕೇ ಬಿದ್ದಂತಾಯಿತು!

ನಮ್ಮ ದೇಶದ ಚರಿತ್ರೆಯಲ್ಲಿಯೂ ಬ್ರೌನಿಂಗನ ಪಿಸ್ತೂಲುಗಳ ಸದ್ದು ಕೇಳುತ್ತದೆ. 1909ರಲ್ಲಿ ಲಂಡನ್ನಿನಿಂದ ಸಾವರಕರರು ಇಪ್ಪತ್ತು ಬ್ರೌನಿಂಗ್ ಪಿಸ್ತೂಲುಗಳನ್ನು ಪೆಟ್ಟಿಗೆಯ ಕಳ್ಳ ತಳದಲ್ಲಿ ಅಡಗಿಸಿ ಭಾರತಕ್ಕೆ ಕಳಿಸಿದರು. ಅವುಗಳಲ್ಲೊಂದರಿಂದ ಡಿಸೆಂಬರ್ 21ರಂದು ನಾಸಿಕದ ನಾಟಕಮಂದಿರದಲ್ಲಿ ಅನಂತ ಕಾನ್ಹೇರೆ ಎಂಬ ತರುಣನು ಕಲೆಕ್ಟರ್ ಜಾಕ್ಸನನನ್ನು ಕೊಂದನು. 1911ರ ಜೂನ್ 17ರಂದು ತಮಿಳುನಾಡಿನ ಮಣಿಯಾಚಿ ರೈಲು ನಿಲ್ದಾಣದಲ್ಲಿ ಕಲೆಕ್ಟರ್ ಆಷ್‌ನನ್ನು ಕೊಂದ ವಾಂಚಿನಾಥನ ಕೈಯಲ್ಲಿಯೂ ಬೆಲ್ಜಿಯಂ ಬ್ರೌನಿಂಗೇ ಇತ್ತು. ಆತನು ಅದರಿಂದಲೇ ತನ್ನ ಪ್ರಾಣವನ್ನೂ ಕಳೆದುಕೊಂಡನು. 1931ರ ಫೆಬ್ರವರಿ 27ರಂದು ಅಲಹಾಬಾದಿನ ಉದ್ಯಾನದಲ್ಲಿ ಪೊಲೀಸರನ್ನು ಒಬ್ಬನೇ ಎದುರಿಸಿ ಮಡಿದ ಚಂದ್ರಶೇಖರ ಆಜಾದರ ಕೋಲ್ಟ್ ಪಿಸ್ತೂಲು ಬ್ರೌನಿಂಗನ ರಚನೆಯದೇ. ಇಂದು ಅದು ಅದೇ ಊರಿನ ಮ್ಯೂಸಿಯಮಿನಲ್ಲಿದೆ. ಭಗತ್ ಸಿಂಗರ ಕೋಲ್ಟ್ ಪಿಸ್ತೂಲಂತೂ ಬಹುಕಾಲ ಯಾರ ಗಮನಕ್ಕೂ ಬಾರದೆ ಇಂದೂರಿನಲ್ಲಿ ಗಡಿ ಭದ್ರತಾ ಪಡೆಯ ಸಂಗ್ರಹದಲ್ಲಿತ್ತು. ಮೇಲಿನ ಬಣ್ಣವನ್ನು ಕೆರೆದು ಸಂಖ್ಯೆಯನ್ನು ಓದಿ ಅದು ಅವರದೇ ಎಂದು 2016ರಲ್ಲಿ ಗುರುತಿಸಲಾಯಿತು.

ಹಳೆಯ ಪಿಸ್ತೂಲುಗಳನ್ನು ಸಂಗ್ರಹಿಸುವವರು ಪ್ರಪಂಚದಲ್ಲಿ ಅನೇಕರಿದ್ದಾರೆ. ನಾಣ್ಯ ಕೂಡಿಡುವವರಂತೆ ಅವರದೂ ಒಂದು ಶಾಸ್ತ್ರ. ಮಾದರಿ ಯಾವುದು, ಕಾರ್ಖಾನೆಯ ಮುದ್ರೆ ಎಲ್ಲಿದೆ, ಕವಚದ ಮೇಲಿನ ಸಂಖ್ಯೆಯೂ ನಳಿಗೆಯ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ, ಉಕ್ಕಿನ ನೀಲಿ ಮೆರುಗು ಮೊದಲಿನದೋ ಆಮೇಲೆ ಹಚ್ಚಿದ್ದೋ ಎಂದು ಅವರು ನೋಡುತ್ತಾರೆ. ಹೊಸದಾಗಿ ಉಜ್ಜಿ ಹೊಳಪಿಸಿದ ಪಿಸ್ತೂಲಿಗೆ ಅವರಲ್ಲಿ ಬೆಲೆ ಕಡಿಮೆ. ಕೆಲವರು ಸವೆದ ಸ್ಪ್ರಿಂಗುಗಳನ್ನು ಬದಲಿಸಿ, ಹದವಾದ ಮದ್ದಿನ ತೋಟಾಗಳನ್ನೇ ಹಾಕಿ, ಕಾಗದದ ಗುರಿಗೆ ಹೊಡೆದು ನೋಡಿ, ಎಣ್ಣೆ ಹಚ್ಚಿ ಒರೆಸಿ ಇಡುತ್ತಾರೆ. ನಮ್ಮಲ್ಲಿ ಇದು ಸುಲಭವಲ್ಲ. 1959ರ ಆಯುಧ ಕಾಯಿದೆಯಂತೆ ಗುಂಡು ಹಾರಬಲ್ಲ ಪಿಸ್ತೂಲು ಎಷ್ಟು ಹಳೆಯದಾದರೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಿಂದ ಸಾಮಾನ್ಯ ನಾಗರಿಕನು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಹೀಗಾಗಿ ನಮ್ಮಂಥವರಿಗೆ ಮ್ಯೂಸಿಯಂಗಳೇ ಗತಿ. ಸಂಗ್ರಾಹಕನ ವಿದ್ಯೆಯ ಸಾರವೆಲ್ಲ ಆ ಉಕ್ಕಿನ ಮೇಲಿನ ಸಂಖ್ಯೆಯಲ್ಲಿದೆ ಎಂದು ನನಗೆ ತೋರುತ್ತದೆ. ಸರಾಯೆವೋದ ಪಿಸ್ತೂಲು ಹಲವು ದಶಕ ಪಾದ್ರಿಗಳ ಬಳಿಯಿದ್ದು, 2004ರಲ್ಲಿ ವಿಯೆನ್ನಾದ ಸೈನಿಕ ಮ್ಯೂಸಿಯಮಿಗೆ ಬಂದಿತು. ಅದೇ ಇದು ಎಂದು ಹೇಳಿದ್ದು ಆ ಐದು ಅಂಕಿಗಳು. ಪಿಸ್ತೂಲು ಯಾರನ್ನು ಕೊಂದಿತೆಂಬುದನ್ನು ಮನುಷ್ಯರು ಮರೆತರೂ ಸಂಖ್ಯೆ ಮರೆಯುವುದಿಲ್ಲ.

ಕೊನೆಯ ದಿನ

ಮಹಾಯುದ್ಧಕ್ಕೆ ಅಮೆರಿಕವು ಇಳಿದಾಗ ಬ್ರೌನಿಂಗನು ತನ್ನ ಮೆಷಿನ್ ಗನ್ ಮೊದಲಾದವುಗಳ ಹಕ್ಕನ್ನು ಸರ್ಕಾರಕ್ಕೆ 7.5 ಲಕ್ಷ ಡಾಲರುಗಳಿಗೆ ಬಿಟ್ಟುಕೊಟ್ಟನು. ರೂಢಿಯಂತೆ ಪಾಲು ಕೇಳಿದ್ದರೆ ಇದರ ಹಲವು ಪಟ್ಟು ಹಣ ಬರುತ್ತಿತ್ತು. ದೇಶಕ್ಕೆ ಆಪತ್ತು ಬಂದಾಗ ಲೆಕ್ಕ ಹಾಕುವುದು ತರವಲ್ಲವೆಂದು ಆತನ ಭಾವನೆ. ಆತನ ಮಗ ವಾಲ್ ಕೂಡ ಸೈನ್ಯಾಧಿಕಾರಿಯಾಗಿ ಫ್ರಾನ್ಸಿಗೆ ಹೋದನು.

ಐಶ್ವರ್ಯ ಬಂದರೂ ಕೆಲಸ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೂ ಹೆರ್‌ಸ್ಟಾಲಿಗೆ ಹಡಗು ಹತ್ತಿ ಹೋಗುತ್ತಿದ್ದನು. 1926ರ ನವೆಂಬರ್ 26ರಂದು ಅಲ್ಲಿಯ ಕಾರ್ಖಾನೆಯಲ್ಲಿ ಹೊಸ ಪಿಸ್ತೂಲಿನ ಕೆಲಸದಲ್ಲಿದ್ದಾಗ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಮಗನ ಕಚೇರಿಯ ಕೋಣೆಯಲ್ಲಿ ಮಲಗಿಸಿದರು. ಅಲ್ಲಿಯೇ ಪ್ರಾಣ ಹೋಯಿತು. ಆಗ ಆತನಿಗೆ 71 ವರ್ಷ. ಆತನ ಹೆಸರಿನಲ್ಲಿದ್ದ ಪೇಟೆಂಟುಗಳು 128. ಅರ್ಧಕ್ಕೆ ನಿಂತ ಆ ಪಿಸ್ತೂಲನ್ನು ಸೇವ್ ಎಂಬ ಬೆಲ್ಜಿಯಂ ಶಿಲ್ಪಿಯು ಮುಂದುವರಿಸಿ 1935ರಲ್ಲಿ ಪೂರೈಸಿದನು. ಇಶಾಪುರದ ಪಿಸ್ತೂಲಿನ ಮೂಲ ಅದೇ. ಆಗ್ಡನ್ನಿನ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ಆತನ ಕೈಕೆಲಸದ ಕೋವಿಗಳ ಮ್ಯೂಸಿಯಮಿದೆ.

ಕೂಡ್ಲಿಗಿಯ ಸ್ಮಾರಕ

ಇನ್ನು ಮೊದಲಿನಲ್ಲಿ ಹೇಳಿದ ಎಳೆಯ ಮಾತು. ನಮ್ಮ ಕೂಡ್ಲಿಗಿಯಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮವನ್ನಿಟ್ಟ ಸ್ಮಾರಕವಿದೆಯೆಂಬುದು ಈ ಸೀಮೆಯವರಿಗೆಲ್ಲ ತಿಳಿದಿದೆ. 1948ರ ಜನವರಿ 30ರಂದು ದೆಹಲಿಯಲ್ಲಿ ಅವರ ಎದೆಗೆ ತಗುಲಿದ ಮೂರು ಗುಂಡುಗಳು ಇಟಲಿಯಲ್ಲಿ ತಯಾರಾದ ಬೆರೆಟ್ಟಾ ಎಂಬ ಅರೆ ಸ್ವಯಂಚಾಲಿತ ಪಿಸ್ತೂಲಿನಿಂದ ಹೊರಟವು. ಆ ಪಿಸ್ತೂಲು ಬ್ರೌನಿಂಗನು ಮಾಡಿದ್ದಲ್ಲ. ಆದರೆ ಅದರೊಳಗಿನ 9 ಮಿಲಿಮೀಟರಿನ ಗಿಡ್ಡ ತೋಟಾವನ್ನು ರೂಪಿಸಿದವನು ಆತನೇ. 1908ರಲ್ಲಿ ಅದು ಬಳಕೆಗೆ ಬಂದಿತ್ತು. ಸರಾಯೆವೋದ ಪಿಸ್ತೂಲಿನಲ್ಲಿದ್ದುದೂ ಅದೇ ತೋಟಾ. ಗಾಂಧೀಜಿ ಹತರಾದಾಗ ಬ್ರೌನಿಂಗನು ಮಣ್ಣಾಗಿ ಇಪ್ಪತ್ತೊಂದು ವರ್ಷಗಳಾಗಿದ್ದವು. ಆಗ್ಡನ್ನಿನ ಅಂಗಡಿಯಲ್ಲಿ ಕೋಳಿ ಹೊಡೆಯಲು ಹಲಗೆ ಕೆತ್ತಿದ ಹುಡುಗನ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂದು ಮುಟ್ಟಿತು, ನೋಡಿರಿ!

ಹಾಗಾದರೆ ಆತನು ಅಪರಾಧಿಯೇ? ನಾನು ಕಮ್ಮಾರನ ಮಗನಾಗಿ ಇದನ್ನು ಬಹಳ ಯೋಚಿಸಿದ್ದೇನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮೂರಿನಲ್ಲಿ ಹೊಲದ ಬದುವಿನ ಜಗಳ ನಡೆದು ಒಬ್ಬನಿಗೆ ಕುಡುಗೋಲಿನ ಏಟು ಬಿತ್ತು. ಆತನು ಬದುಕಿದನು, ಆದರೆ ಕೈ ಮೊದಲಿನಂತಾಗಲಿಲ್ಲ. ಕುಡುಗೋಲು ನಮ್ಮ ಕುಲುಮೆಯದು. ಹಿಡಿಯ ಬಳಿ ತಂದೆಯವರು ಹಾಕುವ ಗುರುತು ಇತ್ತು. ಯಾರೂ ಅವರನ್ನು ಒಂದು ಮಾತೂ ಅನ್ನಲಿಲ್ಲ. ಆದರೂ ಮೂರು ದಿನ ಅವರು ತಿದಿಯನ್ನು ಊದಲಿಲ್ಲ. ಏಟು ತಿಂದವನ ಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬಂದರು. ನಾಲ್ಕನೆಯ ದಿನ ಬೆಂಕಿ ಹಚ್ಚಿದರು. ಮಳೆ ಬಿದ್ದಿತ್ತು, ಕುಡ ತಟ್ಟಿಸಲು ರೈತರು ಬಾಗಿಲಲ್ಲಿ ಕಾದಿದ್ದರು. ಅಂದಿನಿಂದ ಹೊಸ ಕುಡುಗೋಲು ಮಾಡಿಸಲು ಬಂದವನನ್ನು, ಯಾವ ಹೊಲಕ್ಕಪ್ಪಾ, ಏನು ಬೆಳೆ ಎಂದು ವಿಚಾರಿಸಿಯೇ ಮಾಡಿಕೊಡುತ್ತಾರೆ. ಅದರಿಂದ ಲೋಕದ ಜಗಳ ನಿಲ್ಲದೆಂಬುದು ಅವರಿಗೂ ಗೊತ್ತು.

ಬ್ರೌನಿಂಗನಿಗೆ ಹೀಗೆ ಕೇಳುವ ಅನುಕೂಲವಿರಲಿಲ್ಲ. ಆತನ ಪಿಸ್ತೂಲುಗಳು ಲಕ್ಷಗಟ್ಟಲೆ ತಯಾರಾಗಿ ಹೆಸರು ತಿಳಿಯದವರ ಕೈಗೆ ಹೋದವು. ಅವುಗಳಲ್ಲೊಂದನ್ನು ನಾವು ಹುತಾತ್ಮನ ಆಯುಧವೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯುತ್ತೇವೆ. ಆತನದೇ ತೋಟಾ ತುಂಬಿದ ಇನ್ನೊಂದರ ನೆನಪಿಗೆ ತಲೆ ತಗ್ಗಿಸುತ್ತೇವೆ. ಉಕ್ಕಿನಲ್ಲಿ ಭೇದವಿಲ್ಲ. ಯಂತ್ರವು ಅರ್ಧ ಕೆಲಸವನ್ನು ತಾನು ಮಾಡಿಕೊಟ್ಟು, ಉಳಿದರ್ಧವನ್ನು ಮನುಷ್ಯನಿಗೇ ಬಿಟ್ಟಿದೆ.

ಮಿತ್ರರೇ, ಕೆಲವೇ ತಿಂಗಳುಗಳಲ್ಲಿ ನಾವು ಪದವಿಯನ್ನು ಪಡೆದು ಹೊರಗೆ ಹೋಗಲಿದ್ದೇವೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಹಳ್ಳಿಗಳಿಂದ ಬಂದ ನಮ್ಮಲ್ಲಿ ಬಹುಮಂದಿಯ ತಂದೆತಾಯಿಗಳು ಕೈಯಿಂದ ದುಡಿದವರೇ. ಮೊದಲ ವರ್ಷ ಕಾಲೇಜಿಗೆ ಸೇರಿದಾಗ ತಂದೆಯ ಉದ್ಯೋಗವೇನೆಂದು ಬರೆಯಬೇಕಾದ ಕಡೆ ನಾನು ಕಮ್ಮಾರಿಕೆ ಎಂದು ಬರೆಯಲು ನಾಚಿ ವ್ಯವಸಾಯವೆಂದು ಬರೆದಿದ್ದೆನು. ಬ್ರೌನಿಂಗನ ಚರಿತ್ರೆಯನ್ನು ಓದಿದ ಮೇಲೆ ಆ ನಾಚಿಕೆ ಹೋಯಿತು. ಅದರ ಜಾಗದಲ್ಲಿ ಒಂದು ಭಯ ಬಂದಿದೆ. ಕೈಯ ವಿದ್ಯೆಗೂ ಪುಸ್ತಕದ ವಿದ್ಯೆಗೂ ಸಮಾನವಾದ ಭಯವದು: ನಾವು ಕಲಿತದ್ದು ನಾಳೆ ಯಾರ ಕೈಗೆ ಹೋಗುತ್ತದೆ? ತಿದಿಯನ್ನು ಊದದೆ ಇರಲಾಗದು, ಹೊಲ ಕಾಯುತ್ತಿರುತ್ತದೆ. ಆದರೆ ಊದುವ ಮೊದಲು ಒಂದು ಸಲ ಕೇಳಿ ನೋಡಬಹುದು. ಈ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗದ ಕಡೆ ಕಮ್ಮಾರಿಕೆ ಎಂದೇ ಬರೆದಿದ್ದೇನೆ.